ಬೇರೆ ಲೋಕದಲ್ಲಿ ಹಾಜರು

ದರ್ಸನನಿಗೆ ಅನ್ನ ಮಾಡಲು ಬರುತ್ತಿರಲಿಲ್ಲ, ತೆಂಗಿನ ಎಳೆಗರಿ ಸೀಳಲು ಬರುತ್ತಿರಲಿಲ್ಲ, ದೇವರ ಕೆಲಸದ ದಿನ ತಲೆವಸ್ತ್ರ ಕಟ್ಟಿಕೊಳ್ಳುವುದಕ್ಕೂ ಐವತ್ತೈದು ವರ್ಷದ ಈ ಗಂಡಸಿಗೆ ಅಕ್ಕನೇ ಬೇಕಾಗಿತ್ತು. ಆದರೆ ಲೋಕಗಳು ಎಷ್ಟಿವೆ ಎಂದು ಕೇಳಿ ನೋಡಿ, ಮುಂದಿಟ್ಟ ಕಾಫಿ ಆರಿ ನೊಣ ಬಿದ್ದರೂ ಅವನ ಲೆಕ್ಕ ಮುಗಿಯುತ್ತಿರಲಿಲ್ಲ. ಬಾಲಿಯ ಡೆನ್ಪಸಾರ್ ಪಟ್ಟಣದ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ತತ್ತ್ವಶಾಸ್ತ್ರ ಹೇಳಿ ಹೇಳಿ ಅವನ ನಾಲಿಗೆಯೇನೂ ಸವೆದಿರಲಿಲ್ಲ. ಕೇಳಿ ಕೇಳಿ ಅಕ್ಕ ರಸ್ಮಿನಿಯ ಕಿವಿ ಸವೆದಿತ್ತು.

ಎರಡು ತಿಂಗಳಿಗೊಮ್ಮೆ ಬಿಳೀ ಕಾರಿನಲ್ಲಿ ಊರಿಗೆ ಬರುತ್ತಿದ್ದ. ಅಂಗಳದ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಮುಪ್ಪಿನ ತಾಯಿಗೆ ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು, ಅಕ್ಕ ಬಡಿಸಿದ್ದನ್ನೆಲ್ಲ ಉಂಡು, ಕೈ ತೊಳೆಯುವ ಮೊದಲೇ ಶುರು ಹಚ್ಚುತ್ತಿದ್ದ.

"ಈ ತಟ್ಟೆ ನಿಜವಾಗಿ ಇದೆ ಅಂತ ಹೇಗೆ ಹೇಳ್ತೀಯ ಅಕ್ಕ?"

"ತೊಳೆಯೋಳಿಗೆ ಗೊತ್ತಾಗತ್ತೆ ಬಿಡು," ಎಂದು ಅವಳು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಒಂದು ಕಾಲದಲ್ಲಿ ಎಲ್ಲವೂ ಕನಸು ಎನ್ನುತ್ತಿದ್ದ. ಆಮೇಲೆ ಕನಸೂ ಇಲ್ಲ, ಮನಸ್ಸೊಂದೇ ಇರುವುದು ಎಂದ. ಈಗ ಐದಾರು ವರ್ಷದಿಂದ ಹೊಸದೊಂದು ಹಿಡಿದಿತ್ತು. ಆಗಬಹುದಾದದ್ದೆಲ್ಲ ಎಲ್ಲೋ ಒಂದು ಕಡೆ ಆಗೇ ಆಗುತ್ತದೆ, ಆಗಬಹುದಾದದ್ದು ಎಷ್ಟಿದೆಯೋ ಲೋಕಗಳೂ ಅಷ್ಟೇ ಇವೆ, ಅವುಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಹೆಚ್ಚು ನಿಜವಲ್ಲ. ಹೆಂಡತಿ ಸೆಕರ್ ಇವನ ಮಾತು ತಡೆಯಲಾರದೆ ಸಮುದ್ರದಾಚೆಯ ಸುರಬಾಯ ಪಟ್ಟಣಕ್ಕೆ ಹೋಗಿ ಬೇರೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಇವನು ಮಾತ್ರ ಕೇರಿಗೆ ಆ ವಿಷಯ ತಿಳಿಸಿರಲೇ ಇಲ್ಲ. ಕೇಳಿದರೆ, "ಒಂದು ಲೋಕದಲ್ಲಿ ನಾವಿಬ್ಬರೂ ಇನ್ನೂ ಸುಖವಾಗಿದೀವಿ," ಎನ್ನುತ್ತಿದ್ದ. ಆ ಲೋಕದ ಸೆಕರಳ ಗತಿ ನೆನೆದು ರಸ್ಮಿನಿಗೆ ಅಯ್ಯೋ ಅನ್ನಿಸುತ್ತಿತ್ತು.

ಕಾಣದ ಲೋಕವನ್ನು ರಸ್ಮಿನಿ ನಂಬುತ್ತಿರಲಿಲ್ಲ ಎಂದಲ್ಲ. ಬಾಲಿಯಲ್ಲಿ ಹುಟ್ಟಿ ಅದನ್ನು ನಂಬದೆ ಬದುಕುವುದುಂಟೆ? ಕಣ್ಣಿಗೆ ಕಾಣುವುದು ಸಕಲ, ಕಾಣದೆ ಇರುವುದು ನಿಷ್ಕಲ, ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ಇರುತ್ತವೆ. ಆ ಕಾಣದವರಿಗಾಗಿ ಅವಳು ದಿನಾ ಬೆಳಗ್ಗೆ ಹದಿನೇಳು ಎಡೆ ಕಟ್ಟುತ್ತಿದ್ದಳು. ಒಲೆಗೊಂದು, ಬಾವಿಗೊಂದು, ಬಾಗಿಲಿಗೊಂದು, ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಒಂದು ಚಿಟಿಕೆ ಅನ್ನ. ಜ್ವರ ಬಂದ ದಿನವೂ ಬಿಟ್ಟವಳಲ್ಲ. ಒಮ್ಮೆ ತಮ್ಮನಿಗೆ ಅದನ್ನೇ ಹೇಳಿದ್ದಳು: "ನನ್ನ ನಿಷ್ಕಲಕ್ಕೆ ದಿನಾ ಹೂವು ಬೇಕು, ಗುಡಿಸಬೇಕು, ಸೊಂಟ ಬಗ್ಗಿಸಬೇಕು. ನಿನ್ನ ಲೋಕಗಳಿಗೆ ಏನೂ ಬೇಡವಲ್ಲೋ. ಬರೀ ಬಾಯಿ ಇದ್ರೆ ಸಾಕು."

ದರ್ಸನ ನಕ್ಕು, ಇದು ಜನಪದರ ಸರಳ ಶ್ರದ್ಧೆ ಎಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡ. ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ಅವರ ಕೇರಿಯಲ್ಲಿ ಅರವತ್ತೆಂಟು ಮನೆ. ಮದುವೆಯಾದ ಗಂಡಸು ಯಾವ ಊರಲ್ಲಿ ಕೆಲಸದಲ್ಲಿರಲಿ, ಅವನ ಹೆಸರು ಹುಟ್ಟಿದ ಕೇರಿಯ ಪುಸ್ತಕದಲ್ಲೇ ಇರುತ್ತದೆ. ಗುಡಿಯ ಹಬ್ಬ ತಪ್ಪಿಸಿದರೆ ಬೈದು ಬಿಡುತ್ತಾರೆ. ಸಾವು ತಪ್ಪಿಸುವಂತಿಲ್ಲ. ಚಾವಡಿಯ ಪಕ್ಕದ ಗೋಪುರದಲ್ಲಿ ಟೊಳ್ಳು ಮರದ ಕುಲ್ಕುಲ್ ತೂಗುಹಾಕಿದೆ. ಅದು ಸಾವಿನ ಬಡಿತ ಬಡಿಯಿತೆಂದರೆ ಗಂಡಸರು ಕತ್ತಿ ಹಿಡಿದು ಬಿದಿರು ಕಡಿಯಲು, ಹೆಂಗಸರು ಬುಟ್ಟಿ ಹೊತ್ತು ಗರಿ ಹೆಣೆಯಲು ಬರಲೇಬೇಕು. ತೊಳೆಯುವುದು, ಹೊರುವುದು, ಸುಡುವುದು ಎಲ್ಲ ಕೇರಿಯೇ. ಕೊನೆಗೆ ಸುಡುಗಾಡಿನಲ್ಲಿ ಹಾಜರಿ ಪುಸ್ತಕ ತೆಗೆದು ಹೆಸರು ಕರೆಯುತ್ತಾರೆ. ಹೆಗಲು ಕೊಟ್ಟವನಿಗೆ ಹೆಗಲು ಸಿಗುತ್ತದೆ. ಇದಕ್ಕಿಂತ ದೊಡ್ಡ ಶಾಸ್ತ್ರ ಆ ಕೇರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೆಂಗಸರ ಪುಟದಲ್ಲಿ ಅವರ ಮನೆಯ ಸಾಲಿನಲ್ಲಿ ಸೆಕರ್ ಎಂದೇ ಬರೆದಿತ್ತು. ಮದುವೆಯಾಗದ ಹೆಂಗಸಿನ ಹೆಸರು ಪುಸ್ತಕಕ್ಕೆ ಹತ್ತುವುದಿಲ್ಲ. ಹಾಗಾಗಿ "ಸೆಕರ್" ಎಂದು ಕರೆದಾಗ ಬೆವರು ಒರೆಸಿಕೊಳ್ಳುತ್ತ "ಬಂದಿದ್ದಾಳೆ" ಎನ್ನುತ್ತಿದ್ದವಳು ರಸ್ಮಿನಿ. ಮೊದಲು ಗಂಡನ ಜೊತೆ ಪಟ್ಟಣದಲ್ಲಿದ್ದ ಸೆಕರಳ ಬದಲು, ಆಮೇಲೆ ಓಡಿಹೋದ ಸೆಕರಳ ಬದಲು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು, ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಇನ್ನೊಂದು ಮಾತು. ಆ ಕಡೆ ಮಗು ಹುಟ್ಟಿದ ಮೇಲೆ ಹೆತ್ತವರನ್ನು ಮಗುವಿನ ಹೆಸರಿನಿಂದಲೇ ಕರೆಯುವುದು. ತಾಯಿಯಾದರೆ ಮೆನ್. ಹಾಗಾಗಿ ಮುದುಕಿ ಇಡೀ ಕೇರಿಗೆ ಮೆನ್ ರಸ್ಮಿನಿ. ಮಕ್ಕಳಿಲ್ಲದ ರಸ್ಮಿನಿ ಬರೀ ರಸ್ಮಿನಿ. ಆ ಹೆಸರು ಯಾರ ಬಾಯಲ್ಲಿ ಬಂದರೂ ಹತ್ತಕ್ಕೆ ಒಂಬತ್ತು ಸಲ ತಾಯಿಯನ್ನು ಕರೆಯಲು ಬಂದದ್ದೇ ಆಗಿರುತ್ತಿತ್ತು.

ಮುದುಕಿ ಎಂಬತ್ತೊಂದಕ್ಕೆ ಬಿದ್ದಾಗಲೂ ಗರಿ ಹೆಣೆಯುವುದು ಬಿಟ್ಟಿರಲಿಲ್ಲ. "ನನ್ನನ್ನ ಈ ಕೇರಿಯವರೇ ಹೊರಬೇಕು ಕಣೇ," ಎನ್ನುತ್ತಿದ್ದಳು. "ಬೈಕೊಂಡೇ ಹೊರಲಿ, ಮುದುಕಿ ಎಷ್ಟು ಭಾರ ಅಂತ ಗೊಣಗಲಿ. ನಾಲ್ಕು ದಾರಿ ಕೂಡೋ ಕಡೆ ಮೂರು ಸುತ್ತು ಸರಿಯಾಗಿ ತಿರುಗಿಸಲಿ. ಇಲ್ದಿದ್ರೆ ನಾನು ದಾರಿ ನೆನಪಿಟ್ಟುಕೊಂಡು ವಾಪಸ್ ಬಂದುಬಿಡ್ತೀನಿ ನೋಡು." ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಆಗಲಿ ಮೇಮೆ, ಆಗಲಮ್ಮ ಎಂದು ರಸ್ಮಿನಿ ತಾಯಿಗೆ ಮಾತು ಕೊಟ್ಟಿದ್ದಳು.

ಆ ಮಾತಿಗೆ ಕಲ್ಲು ಹಾಕಿದವನು ಘನ ವಿದ್ವಾಂಸ ತಮ್ಮ.

ಪಕ್ಕದ ಮನೆಯ ಲೆಮೆಸ್ ಸತ್ತಾಗ ದರ್ಸನ ಬರಲಿಲ್ಲ. ಅದಕ್ಕೂ ಹಿಂದಿನ ಎರಡು ಸಾವಿಗೆ ಬಂದಿರಲಿಲ್ಲ, ಅವೆರಡನ್ನು ಕೇರಿ ನುಂಗಿಕೊಂಡಿತ್ತು. ಆದರೆ ಲೆಮೆಸ್ ಎಂದರೆ ಗೋಡೆಗೆ ಗೋಡೆ ಹತ್ತಿದ ನೆರೆ. ಚಿಕ್ಕ ದರ್ಸನನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು. ಮುಂದಿನ ಕೂಟದಲ್ಲಿ ಕೇರಿಯ ಯಜಮಾನ ಸಾದ್ರ ಚಾವಡಿಯ ಕಂಬಕ್ಕೆ ಒರಗಿ ಕೇಳಿಯೇಬಿಟ್ಟ.

"ಪ್ರೊಫೆಸರೇ, ಲೆಮೆಸಣ್ಣನ ಸಾವಿಗೆ ಯಾಕೆ ಬರಲಿಲ್ಲ?"

ತಪ್ಪಾಯ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾದ್ರ ಅಷ್ಟೇನೂ ಕೆಟ್ಟವನಲ್ಲ. ಆದರೆ ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಅರವತ್ತು ಜನ ಚಕ್ಕಳಮಕ್ಕಳ ಹಾಕಿ ತನ್ನ ಕಡೆ ನೋಡುತ್ತ ಕೂತದ್ದು ಕಂಡು ದರ್ಸನನಿಗೆ ಅದು ತರಗತಿಯಂತೆ ಕಂಡಿತೋ ಏನೋ. ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಬರಲಿಲ್ಲ ಅನ್ನೋ ಮಾತೇ ಅರ್ಧ ಸತ್ಯ," ಎಂದ. "ನೋಡಿ, ಸಕಲ ಅನ್ನೋದು ಸಿಪ್ಪೆ. ಈ ಒಂದು ಸಿಪ್ಪೆ ಹಿಡಕೊಂಡು ಇದೇ ಹಣ್ಣು ಅಂತ ನಾವು ಹಟ ಮಾಡ್ತೀವಿ. ಆವತ್ತು ಬೆಳಗ್ಗೆ ನಾನು ಬರಬಹುದಾಗಿತ್ತು, ಬರದೆಯೂ ಇರಬಹುದಾಗಿತ್ತು. ಎರಡೂ ಆಗಿದೆ. ಒಂದು ಲೋಕದಲ್ಲಿ ನಾನು ಬಂದಿದೀನಿ, ಲೆಮೆಸಣ್ಣನಿಗೆ ಹೆಗಲೂ ಕೊಟ್ಟಿದೀನಿ. ಆ ಲೋಕ ಈ ಲೋಕಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ನಿಜವಲ್ಲ."

ಸಾದ್ರ ತಲೆ ಕೆರೆದುಕೊಂಡ. "ಆ ಲೋಕದಲ್ಲೂ ಲೆಮೆಸಣ್ಣ ಸತ್ತಿದ್ನಾ?"

"ಸತ್ತಿದ್ದ."

"ಅಲ್ಲ ಮಾರಾಯ, ಹೋಗೋದು ಹೋದೆ, ಅವನು ಸಾಯದೆ ಇರೋ ಲೋಕಕ್ಕೆ ಹೋಗಬಾರದಿತ್ತಾ? ಹೊರೋ ಕಷ್ಟಾನೂ ತಪ್ಪತಿತ್ತಲ್ಲ."

ಚಾವಡಿ ಗೊಳ್ಳೆಂದಿತು. ಪುಸ್ತಕ ಬರೆಯುವ ಕೆರ್ತ ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ನು ತೆಗೆದು, ಗಟ್ಟಿಯಾಗಿ ಓದುತ್ತಲೇ ಬರೆದ: "ದರ್ಸನ, ಬೇರೆ ಲೋಕದಲ್ಲಿ ಹಾಜರು." ಇನ್ನೊಂದು ಸುತ್ತು ನಗು. ದರ್ಸನನೂ ನಕ್ಕ. ಜನ ತನ್ನ ಮಾತಿಗೆ ಮೆಚ್ಚಿ ನಗುತ್ತಿದ್ದಾರೆಂದು ಆ ಪುಣ್ಯಾತ್ಮ ತಿಳಿದಿದ್ದ. ಕಾಫಿಯ ತಟ್ಟೆ ಹಿಡಿದು ಕಂಬದ ಹಿಂದೆ ನಿಂತಿದ್ದ ರಸ್ಮಿನಿ ನಗಲಿಲ್ಲ. ಲೆಮೆಸನ ಹೆಂಡತಿ ಮೆನ್ ಲಂದ್ರಿಯೂ ನಗಲಿಲ್ಲ. ಅವಳು ತಲೆ ತಗ್ಗಿಸಿ, ಸೊಂಟಪಟ್ಟಿಯ ಚುಂಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಮೆನ್ ರಸ್ಮಿನಿ ಸತ್ತದ್ದು ಅದಾದ ಹತ್ತನೇ ತಿಂಗಳು, ಬೆಳಗಿನ ಕಾಫಿ ಅರ್ಧ ಕುಡಿದು. ರಸ್ಮಿನಿ ಲೋಟ ತೆಗೆದಿಟ್ಟು, ತಾಯಿಯ ಬಾಯಿ ಒರೆಸಿ, ನಡೆದೇ ಚಾವಡಿಗೆ ಹೋಗಿ ಕೆರ್ತನಿಗೆ ಹೇಳಿದಳು. ಕೆರ್ತ ಗೋಪುರ ಹತ್ತಿ ಕುಲ್ಕುಲ್ ಬಡಿದ. ಅದನ್ನು ಬಡಿಯದೆ ಇರುವ ಧೈರ್ಯ ಯಾರಿಗೂ ಇಲ್ಲ. ಅವಳು ಮನೆಗೆ ಓಡಿ ಬಂದು, ತಮ್ಮನಿಗೆ ಫೋನು ಮಾಡಿ, ಅಂಗಳ ಗುಡಿಸಿ, ಚಾಪೆ ಹಾಸಿ, ದೊಡ್ಡ ಹಂಡೆಯಲ್ಲಿ ಕಾಫಿಗೆ ನೀರಿಟ್ಟಳು.

ನೀರು ಕುದಿದು ಕುದಿದು ಅರ್ಧವಾಯಿತು. ಒಬ್ಬರೂ ಬರಲಿಲ್ಲ.

ಹೊರಗೆ ಹೋಗಿ ನೋಡಿದರೆ ಎಲ್ಲರೂ ಚಾವಡಿಯಲ್ಲಿದ್ದರು. ಗಂಡಸರು ಕತ್ತಿ ಪಕ್ಕಕ್ಕಿಟ್ಟುಕೊಂಡು, ಹೆಂಗಸರು ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಯಾರೂ ಅವಳ ಮುಖ ನೋಡಲಿಲ್ಲ.

"ಯಜಮಾನ್ರೆ, ಮೇಮೆ ಹೋದಳು," ಎಂದಳು ರಸ್ಮಿನಿ.

"ಕೇಳಿಸ್ತು," ಎಂದ ಸಾದ್ರ.

"ಬರಲ್ವಾ?"

"ಬಂದಿದೀವಲ್ಲ. ನಿನ್ನ ಅಂಗಳದಲ್ಲೇ ಕೂತು ಬಿದಿರು ಸೀಳ್ತಾ ಇದೀವಿ. ನಿನ್ನ ತಮ್ಮನ್ನ ಕೇಳು, ಯಾವ ಲೋಕ ಅಂತ ಅವನೇ ಹೇಳ್ತಾನೆ."

ಈ ಸಲ ಯಾರೂ ನಗಲಿಲ್ಲ. ರಸ್ಮಿನಿಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಿಳೀ ಕಾರು ಮನೆಯ ಮುಂದೆ ಬಂದು ನಿಂತದ್ದು ಕಂಡು ಅತ್ತ ಓಡಿದಳು.

ದರ್ಸನ ಇಳಿದವನೇ ತಾಯಿಯ ಪಕ್ಕ ಕೂತು ಸ್ವಲ್ಪ ಹೊತ್ತು ಅತ್ತ. ಅದು ನಿಜವಾದ ಅಳುವೇ, ಅಷ್ಟು ಮಾತ್ರಕ್ಕೆ ಅವನನ್ನು ಹೊಗಳಬಹುದು. ಆಮೇಲೆ ಕನ್ನಡಕ ಒರೆಸಿಕೊಂಡು, ಸಂಗತಿ ಕೇಳಿ ತಿಳಿದುಕೊಂಡು, ಕೈ ಬೀಸಿದ.

"ಹೋಗಲಿ ಬಿಡು ಅಕ್ಕ. ಹಳ್ಳಿಯವರ ಸಣ್ಣತನ. ಪಟ್ಟಣದಲ್ಲಿ ಸುಡೋ ಕೇಂದ್ರ ಇದೆ, ಗ್ಯಾಸಿನಲ್ಲಿ ಎರಡು ಗಂಟೆ ಅಷ್ಟೆ. ಗಾಡಿ ಅವರೇ ಕಳಿಸ್ತಾರೆ, ಹೊರೋಕೆ ಅವರದೇ ಆರು ಜನ, ಕಪ್ಪು ಅಂಗಿ ಹಾಕ್ಕೊಂಡು ಬರ್ತಾರೆ. ಸಂಜೆಯೊಳಗೆ ಮುಗಿಸಬಹುದು."

"ಮೇಮೆ ಏನು ಕೇಳಿದ್ಲು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ಆದರೆ ಯೋಚನೆ ಮಾಡು. ಯಾರು ಹೊತ್ತರು ಅನ್ನೋದು ಈ ಒಂದು ಲೋಕದ ಪ್ರಶ್ನೆ. ಲೆಕ್ಕವಿಲ್ಲದಷ್ಟು ಲೋಕಗಳಲ್ಲಿ ಕೇರಿಯವರು ಅವಳನ್ನ ಹೊತ್ತೇ ಹೊರ್ತಾರೆ. ಇನ್ನೆಷ್ಟೋ ಲೋಕಗಳಲ್ಲಿ ಮೇಮೆ ಸತ್ತೇ ಇಲ್ಲ. ಅಲ್ಲಿ ಈಗ ಕಾಫಿ ಕುಡೀತಾ ಇದ್ದಾಳೆ."

ರಸ್ಮಿನಿ ಎದ್ದು ನಿಂತಳು. ಅರ್ಧ ಕಾಫಿ ಉಳಿದ ಲೋಟ ಇನ್ನೂ ಕಿಟಕಿಯ ಮೇಲೇ ಇತ್ತು.

"ಹೌದಾ? ಹಾಗಾದ್ರೆ ಅಲ್ಲಿಗೆ ಹೋಗಿ ಲೋಟ ತೊಳೆದು ಬಾ. ಅವಳಿಗೆ ಸಕ್ಕರೆ ಎಷ್ಟು ಚಮಚ ಅಂತ ನಿಂಗೆ ಗೊತ್ತಾ? ಗೊತ್ತಿಲ್ಲ. ರಾತ್ರಿ ಎಷ್ಟು ಸಲ ಎದ್ದು ನೀರು ಕೇಳ್ತಿದ್ಲು? ಅದೂ ಗೊತ್ತಿಲ್ಲ. ಇರೋ ಒಂದು ಲೋಕದಲ್ಲಿ ಇದ್ದ ಒಬ್ಬಳೇ ತಾಯಿಗೆ ಬಿಸ್ಕತ್ತು ಬಿಟ್ರೆ ಇನ್ನೇನು ಮಾಡಿದೀಯೋ ನೀನು? ಲೆಕ್ಕವಿಲ್ಲದಷ್ಟು ಲೋಕವಂತೆ! ಇಷ್ಟು ಲೋಕ ನಿಂಗೆ ಯಾಕೆ ಬೇಕು ಗೊತ್ತಾ? ಒಂದರಲ್ಲಿ ಕೆಲಸ ಹೇಳಿದ್ರೆ ಇನ್ನೊಂದಕ್ಕೆ ಓಡೋಕೆ."

ಮೂವತ್ತು ವರ್ಷದಲ್ಲಿ ಅವನ ವಾದಕ್ಕೆ ಯಾರೂ ಹೀಗೆ ಉತ್ತರ ಕೊಟ್ಟಿರಲಿಲ್ಲ.

"ಏಳು," ಎಂದಳು ಅಕ್ಕ. "ಚಾವಡಿಗೆ ನಡಿ."

ಚಾವಡಿಯಲ್ಲಿ ಮದುವೆಯಾಗದ ಹೆಂಗಸು ಕಾಫಿ ಕೊಡಬಹುದು, ಮಾತಾಡುವ ಪದ್ಧತಿಯಿಲ್ಲ. ರಸ್ಮಿನಿ ಮೆಟ್ಟಿಲು ಹತ್ತಿ ನಡುವೆ ನಿಂತಳು. ತಮ್ಮ ಕೆಳಗೆ ಚಪ್ಪಲಿಗಳ ನಡುವೆ ನಿಂತ.

"ಕೆರ್ತ, ಪುಸ್ತಕ ತೆಗಿ," ಎಂದಳು. "ಲೆಮೆಸಣ್ಣ ಸತ್ತ ದಿನದ ಪುಟ ಓದು. ಹೆಂಗಸರದ್ದು."

ಕೆರ್ತ ಸಾದ್ರನ ಮುಖ ನೋಡಿದ. ಸಾದ್ರ ಹೂಂ ಎಂದಮೇಲೆ ಓದತೊಡಗಿದ. ಮೆನ್ ಅದು, ಮೆನ್ ಇದು, ಹೆಸರು ಮೇಲೆ ಹೆಸರು. "ಸೆಕರ್, ಹಾಜರು," ಎಂದು ಓದಿದಾಗ ರಸ್ಮಿನಿ ಕೈಯೆತ್ತಿ ತಡೆದಳು.

"ಸೆಕರ್ ಎಲ್ಲಿದ್ದಾಳೆ ಈಗ?"

ಹಿಂದಿನ ಸಾಲಿನಿಂದ ಒಬ್ಬಳು ಸಣ್ಣಗೆ, "ಸುರಬಾಯದಲ್ಲಿ ಅಂತೆ," ಎಂದಳು. ಊರಿಗೆಲ್ಲ ಗೊತ್ತಿದ್ದ ವಿಷಯವೇ.

"ಸುರಬಾಯದಲ್ಲಿ ಬೇರೆ ಗಂಡನ ಜೊತೆ ಇರೋಳು ನಿಮ್ಮ ಪುಸ್ತಕದಲ್ಲಿ ಹಾಜರು. ಲೆಮೆಸಣ್ಣನ್ನ ತೊಳೆಯೋಕೆ ಹೊಳೆಯಿಂದ ಹನ್ನೆರಡು ಕೊಡ ನೀರು ಹೊತ್ತೆನಲ್ಲ ನಾನು, ನಾನು ಯಾವ ಲೋಕದಲ್ಲಿದ್ದೆ ಯಜಮಾನ್ರೆ? ನಿಮ್ಮಪ್ಪ ಸತ್ತಾಗ ಮೂರು ದಿನ ಗರಿ ಹೆಣೆದು ಬೆರಳು ಕುಯ್ಕೊಂಡೆ. ಆಗ ಯಾವ ಲೋಕದಲ್ಲಿದ್ದೆ? ಇವನ ಮಾತಿಗೆ ನಕ್ಕಿರಲ್ಲ, ನಿಮ್ಮ ಪುಸ್ತಕಕ್ಕೆ ನಗು ಬರಲ್ವಾ? ಇವನು ಇಲ್ಲದ್ದನ್ನ ಇದೆ ಅಂತಾನೆ. ನೀವು ಕಣ್ಣೆದುರಿಗೆ ಇರೋಳನ್ನ ಇಲ್ಲ ಅಂತೀರ. ನೀವೂ ಪ್ರೊಫೆಸರುಗಳೇ ಬಿಡಿ. ಇವನಿಗೆ ಸಂಬಳ ಬರತ್ತೆ, ನಿಮಗೆ ಬರಲ್ಲ, ಅಷ್ಟೇ ವ್ಯತ್ಯಾಸ."

ಸಾದ್ರನ ಕಿವಿ ಕೆಂಪಾಯಿತು. "ರೂಢಿ ನಾನು ಮಾಡಿದ್ದಲ್ಲ ರಸ್ಮಿನಿ," ಎಂದು ಗೊಣಗಿದ. "ಹೆಗಲು ಕೊಡದವನ ಮನೆಗೆ..."

"ಹೆಗಲು ಕೊಡದವನು ಇಲ್ಲಿ ನಿಂತಿದ್ದಾನೆ, ಅವನು ಸತ್ತಾಗ ಬೇಕಾದ್ರೆ ಬರಬೇಡಿ. ಸತ್ತಿರೋದು ಅವನಲ್ಲ. ಅರವತ್ತು ವರ್ಷ ನಿಮ್ಮ ಮನೆ ಮನೆಯ ಸಾವಿಗೆ ಬಂದ ಮುದುಕಿ. ಅವಳ ಹೆಸರಾದ್ರೂ ಪುಸ್ತಕದಲ್ಲಿ ಇದೆಯೋ, ಅದೂ ಇಲ್ವೋ?"

ಆಗ ಎದ್ದವಳು ಮೆನ್ ಲಂದ್ರಿ. ಮಾತು ಕಡಿಮೆಯ ಹೆಂಗಸು. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲಿಳಿದು ಬಂದು ದರ್ಸನನ ಎದುರು ನಿಂತಳು. ಕೇರಿಯ ಕಣ್ಣೆಲ್ಲ ಅವಳ ಮೇಲಿತ್ತು. ಅವಳು ಒಲ್ಲೆ ಎಂದರೆ ಯಾರೂ ಏಳುವುದಿಲ್ಲ, ಇದು ರಸ್ಮಿನಿಗೂ ಗೊತ್ತಿತ್ತು.

"ನನ್ನ ಗಂಡ ಸತ್ತ ದಿನ ಬಂದಿದ್ಯಾ?" ಎಂದು ಕೇಳಿದಳು.

ದರ್ಸನ ತುಟಿ ಒದ್ದೆ ಮಾಡಿಕೊಂಡ. "ಒಂದು ಅರ್ಥದಲ್ಲಿ ನೋಡಿದರೆ..."

"ಅರ್ಥ ಬೇಡ. ಬಂದಿದ್ಯಾ?"

"ಅದು ಹೇಗೆ ಅಂದರೆ ಅತ್ತಿಗೆ, ಬಂದೆ ಅನ್ನೋದಕ್ಕೂ ಬರಲಿಲ್ಲ ಅನ್ನೋದಕ್ಕೂ..."

ಮೆನ್ ಲಂದ್ರಿ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಾನು ದಾರಿ ನೋಡ್ತಾ ಇದ್ದೆ ಕಣಪ್ಪ," ಎಂದಳು. "ಸೈಕಲ್ಲಿನಲ್ಲಿ ಹೊತ್ತು ತಿರುಗಿದ ಹುಡುಗ ಬಂದೇ ಬರ್ತಾನೆ, ಅವನು ಬರೋವರೆಗೂ ಎತ್ತಬೇಡಿ ಅಂತ ಒಂದು ಗಳಿಗೆ ನಿಲ್ಲಿಸಿದ್ದೆ. ಬಿಸಿಲು ಏರ್ತಾ ಇತ್ತು, ಎಲ್ಲರೂ ಬೈದ್ರು."

ದರ್ಸನನ ಮುಖದಲ್ಲಿ ಏನೋ ಸಡಿಲವಾಯಿತು. ಅವನು ಅಕ್ಕನ ಕಡೆ ನೋಡಿದ. ಅಕ್ಕ ನೆರವಿಗೆ ಬರಲಿಲ್ಲ. ಬರುವ ಮನಸ್ಸು ಅವಳಿಗೆ ಕಿಂಚಿತ್ತೂ ಇರಲಿಲ್ಲ.

"ಬರಲಿಲ್ಲ," ಎಂದ ಕೊನೆಗೆ.

"ಎಲ್ಲಿದ್ದೆ?"

"ಮನೆಯಲ್ಲಿ."

"ಹುಷಾರಿರಲಿಲ್ವಾ?"

"ಹುಷಾರಾಗೇ ಇದ್ದೆ. ಟೀವಿ ನೋಡ್ತಾ ಇದ್ದೆ." ಅವನ ಧ್ವನಿ ಎಷ್ಟು ಇಳಿದಿತ್ತೆಂದರೆ ಹಿಂದಿನ ಸಾಲಿನವರು ಏನಂದ ಏನಂದ ಎಂದು ಒಬ್ಬರನ್ನೊಬ್ಬರು ಕೇಳಿದರು. ಮುಂದಿನ ಸಾಲಿನವರು ಟೀವಿಯಂತೆ ಟೀವಿ ಎಂದು ಹಿಂದಕ್ಕೆ ದಾಟಿಸಿದರು. ಇಷ್ಟೆಲ್ಲ ಲೋಕಗಳ ಗಾಳಿಗೋಪುರ ಎಬ್ಬಿಸಿದ್ದು ಒಂದು ಟೀವಿ ಮುಚ್ಚಿಡುವುದಕ್ಕೆ! ರಸ್ಮಿನಿಗೆ ನಾಚಿಕೆಯಿಂದ ಮೈ ಉರಿಯಿತು. ಆದರೂ ಒಳಗೆ ಎಲ್ಲೋ ಹಗುರವಾಯಿತು. ಅವನು ಮೂವತ್ತು ವರ್ಷದಲ್ಲಿ ಹೇಳಿದ ಮಾತುಗಳಲ್ಲಿ ಇದೊಂದನ್ನು ಅವಳು ಪೂರ್ತಿ ನಂಬಿದಳು.

ಮೆನ್ ಲಂದ್ರಿ ಇನ್ನೇನೂ ಕೇಳಲಿಲ್ಲ. "ನಡಿ ರಸ್ಮಿನಿ, ನೀರು ಕುದಿದು ಆರಿಹೋಗಿರತ್ತೆ," ಎಂದು ಅವರ ಮನೆಯ ಕಡೆ ಹೊರಟಳು. ಅವಳ ಹಿಂದೆ ಹೆಂಗಸರೆಲ್ಲ ಎದ್ದರು. ಸಾದ್ರ ಕೆಮ್ಮಿ, ಕತ್ತಿ ಕೈಗೆತ್ತಿಕೊಂಡು, ಬಿದಿರು ಯಾರ ಹಿತ್ತಲಲ್ಲಿ ಚೆನ್ನಾಗಿದೆ ಎಂದು ಇಡೀ ಬೆಳಗ್ಗೆ ಅದನ್ನೇ ಯೋಚಿಸುತ್ತಿದ್ದವನಂತೆ ಕೇಳಿದ.

ಪೂಜಾರಿ ಕೊಟ್ಟ ದಿನ ಮೂರನೆಯದು. ಆ ಮೂರು ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಫಿ, ಇಸ್ಪೀಟು, ಲಾವಾರ್ ಪಲ್ಯಕ್ಕೆ ಮಾಂಸ ಕೊಚ್ಚುವ ಸದ್ದು, ಹೆಂಗಸರ ಹರಟೆ. ದರ್ಸನನಿಗೆ ತೆಂಗಿನಕಾಯಿ ತುರಿಯುವ ಕೆಲಸ ಕೊಟ್ಟರು. ಮೊದಲ ದಿನವೇ ಬೆರಳು ತುರಿದುಕೊಂಡ. ಯಾರೂ ಅವನನ್ನು ಬೈಯಲಿಲ್ಲ, ಕೊಂಡಾಡಲೂ ಇಲ್ಲ. ಕಾಯಿ ಮುಗಿದರೆ ಮುಂದೆ ಇನ್ನೊಂದು ಇಡುತ್ತಿದ್ದರು.

ಹೊರುವ ದಿನ ಅವನನ್ನು ಮುಂದಿನ ಎಡಗಡೆಯ ಬಿದಿರಿಗೆ ಹಾಕಿದರು. ಅಲ್ಲೇ ಭಾರ ಹೆಚ್ಚು. ಮುದುಕಿ ಕಡ್ಡಿಯಂತಿದ್ದಳು, ಆದರೆ ಅವಳನ್ನು ಮಲಗಿಸಿದ್ದ ಬಿದಿರು ಕಾಗದದ ಗೋಪುರ ಮೂವತ್ತು ಜನರ ಹೆಗಲನ್ನೂ ಬಗ್ಗಿಸಿತು. ಗಂಡಸರು ಕೂಗುತ್ತ, ಒಬ್ಬರ ಮೇಲೊಬ್ಬರು ನೀರೆರಚುತ್ತ, ಪೋಲಿ ಮಾತಾಡುತ್ತ ಓಡಿದರು. "ಲೋ, ಮುದುಕಿ ಊಟ ಜಾಸ್ತಿ ಮಾಡಿದ್ಲು ಕಣೋ!" ಎಂದು ಯಾರೋ ಅರಚಿದರು. ಮೇಮೆ ಕೇಳಿದ್ದು ಇದನ್ನೇ. ಎಡೆಯ ಬುಟ್ಟಿ ತಲೆಯ ಮೇಲೆ ಹೊತ್ತು ಓಡುತ್ತಿದ್ದ ರಸ್ಮಿನಿಗೆ ಆಗ ಅಳು ಬಂತು, ಮೂರು ದಿನದಲ್ಲಿ ಮೊದಲ ಸಲ.

ನಾಲ್ಕು ದಾರಿ ಕೂಡುವಲ್ಲಿ ಗೋಪುರವನ್ನು ತಿರುಗಿಸಿದರು. ಒಂದು ಸುತ್ತು, ಎರಡು, ಮೂರು. ಸತ್ತವರಿಗೆ ದಿಕ್ಕು ತಪ್ಪಬೇಕು, ಮನೆಯ ದಾರಿ ಮರೆಯಬೇಕು. ಮೂರನೆಯ ಸುತ್ತಿನಲ್ಲಿ ದರ್ಸನ ಕೆಸರಿನಲ್ಲಿ ಜಾರಿ ಮಂಡಿಯೂರಿದ. ಬಿದಿರು ಬಿಡಲಿಲ್ಲ. ಹಿಂದಿದ್ದ ಸಾದ್ರ, "ಏಳೋ, ಏಳೋ, ನಿಮ್ಮಮ್ಮ ಬೀಳ್ತಾಳೆ," ಎಂದು ಅವನ ಸೊಂಟಪಟ್ಟಿ ಹಿಡಿದು ಮೇಲೆತ್ತಿದ. ದರ್ಸನ ಎದ್ದು, ಸಣ್ಣ ಹುಡುಗನ ಹಾಗೆ ಮೇಮೆ ಮೇಮೆ ಎಂದು ಬಾಯಿಬಿಟ್ಟು ಅಳುತ್ತ ಓಡಿದ.

ಬೆಂಕಿ ಹೊತ್ತಿ, ಗೋಪುರ ಕುಸಿದು, ಜ್ವಾಲೆ ತಗ್ಗುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಜನ ಮರದ ನೆರಳಲ್ಲಿ ಕೂತು ಎಲೆಯ ಪೊಟ್ಟಣ ಬಿಚ್ಚಿದರು. ಎರಡು ತುತ್ತು ಒಳಗೆ ಹೋದದ್ದೇ ತಡ, ದರ್ಸನ ಪಕ್ಕದವನಿಗೆ, "ಈ ಮೂರು ಸುತ್ತು ಇದೆಯಲ್ಲ, ತತ್ತ್ವದ ದೃಷ್ಟಿಯಿಂದ..." ಎಂದು ಶುರು ಮಾಡಿಯೇಬಿಟ್ಟ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೆ ಎಷ್ಟು ದಿನ ನೆಟ್ಟಗಿದ್ದೀತು? ರಸ್ಮಿನಿ ಖಾಲಿ ಬುಟ್ಟಿಯೊಂದನ್ನು ಅವನ ತೊಡೆಯ ಮೇಲಿಟ್ಟಳು. "ಬಾಳೆಲೆ ಆರಿಸಿ ತುಂಬು," ಎಂದಳು. ಅವನು ಬಾಯಿ ಮುಚ್ಚಿಕೊಂಡು ಆರಿಸಲು ಹೋದ. ಅವನ ಎಡ ಹೆಗಲಿನ ಚರ್ಮ ಸುಲಿದು ಅಂಗಿಗೆ ಅಂಟಿಕೊಂಡಿದ್ದು ಹಿಂದಿನಿಂದ ಕಂಡಿತು. ಮನೆಗೆ ಹೋದಮೇಲೆ ಎಣ್ಣೆ ಹಚ್ಚಬೇಕು ಎಂದುಕೊಂಡಳು.

ಕೆರ್ತ ಪುಸ್ತಕ ತೆಗೆದ. ಮೊದಲು ಗಂಡಸರದ್ದು. "ದರ್ಸನ" ಎಂದಾಗ ಬಾಳೆಲೆಗಳ ನಡುವಿನಿಂದ, "ಇದ್ದೀನಿ," ಎಂಬ ಸಣ್ಣ ಉತ್ತರ ಬಂತು. ಯಾವ ಲೋಕದಲ್ಲಿ ಎಂದು ಕೇಳುವ ಆಸೆ ನಾಲ್ಕಾರು ಜನಕ್ಕಾದರೂ ಇದ್ದಿರಬೇಕು. ಯಾರೂ ಕೇಳಲಿಲ್ಲ. ಆಮೇಲೆ ಹೆಂಗಸರ ಪುಟ. ತಮ್ಮ ಮನೆಯ ಸಾಲು ಬಂತೆಂದು ಗೊತ್ತಾಗಿ ರಸ್ಮಿನಿ ಅಭ್ಯಾಸಬಲದಿಂದ, ಬಂದಿದ್ದಾಳೆ ಎನ್ನಲು ಬಾಯಿ ತೆರೆದಳು.

"ರಸ್ಮಿನಿ," ಎಂದ ಕೆರ್ತ.

ಅವಳು ತಿರುಗಿ ಚಿತೆಯ ಕಡೆ ನೋಡಿದಳು. ಮೇಮೆಯನ್ನು ಯಾಕೆ ಕರೆಯುತ್ತಿದ್ದಾನೆ, ಮೇಮೆ ಈಗ ಹೇಗೆ ಉತ್ತರ ಕೊಡುತ್ತಾಳೆ ಎಂದುಕೊಂಡಳು.

"ರಸ್ಮಿನಿ," ಎಂದು ಕೆರ್ತ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕರೆದ. ಪುಟದಲ್ಲಿ ಸೆಕರ್ ಎಂಬ ಹೆಸರಿನ ಮೇಲೆ ಗೆರೆ ಎಳೆದಿತ್ತು. ಸಾದ್ರ ನೆಲ ನೋಡುತ್ತ ಕಡ್ಡಿಯಿಂದ ಮಣ್ಣು ಕೆದಕುತ್ತಿದ್ದ. ಮೆನ್ ಲಂದ್ರಿ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದಳು.

ರಸ್ಮಿನಿ ಕಣ್ಣೊರೆಸಿಕೊಂಡಳು. ಕೈಯಲ್ಲಿದ್ದ ಬೂದಿ ಮುಖಕ್ಕೆಲ್ಲ ಹತ್ತಿತು.

"ಕಣ್ಣು ಕಾಣಲ್ವೇನೋ ಕೆರ್ತ ನಿಂಗೆ?" ಎಂದು ಗದರಿದಳು. "ಇಪ್ಪತ್ತೆಂಟು ವರ್ಷದಿಂದ ಇಲ್ಲೇ ನಿಂತಿದೀನಲ್ಲ."

ಕೆರ್ತ ಗುರುತು ಹಾಕಿ ಮುಂದಿನ ಹೆಸರು ಕರೆದ.